ಕಲ್ಫ್ ಅನ್ನೋ ಪುಟ್ಟ ಜರ್ಮನ್ ಊರು: ಹೆಸ್ಸೆ, ಮಂಗಳೂರು, ಮತ್ತೆ ಒಂದಿಷ್ಟು ಬಾವಲಿಗಳು

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಬರ್ಲಿನ್, ಮ್ಯೂನಿಕ್ ಬಗ್ಗೆ ಇಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯೋಕೆ ಹೊರಟಿರುವುದು ಹೆಚ್ಚುಕಡಿಮೆ ನಮ್ಮ ಸಕಲೇಶಪುರದಷ್ಟೇ ಇರುವ ಒಂದು ಊರಿನ ಬಗ್ಗೆ. ಜನಸಂಖ್ಯೆ ಸುಮಾರು 24 ಸಾವಿರ. ಸುತ್ತ ಗುಡ್ಡ, ಗುಡ್ಡದ ತುಂಬ ಕಾಡು, ನಡುವೆ ಒಂದು ಹೊಳೆ. ಮಳೆಯೂ ಧಾರಾಳ.

ಮೊದಲು ಹೆಸರಿನ ವಿಷಯ. ಇಂಗ್ಲಿಷ್ ಅಕ್ಷರದಲ್ಲಿ ಸಿ, ಎ, ಎಲ್, ಡಬ್ಲ್ಯೂ. ನಾನು 'ಕಾಲ್ವ್' ಅಂತ ಟಿಕೆಟ್ ಕೇಳಿದೆ. ಬಸ್ ಡ್ರೈವರ್ ಒಂದು ಕ್ಷಣ ನನ್ನ ಮುಖ ನೋಡಿ 'ಕಲ್ಫ್' ಅಂದ. ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುವ ಹೆಸರು.

ಸ್ಟುಟ್‌ಗಾರ್ಟ್‌ನಿಂದ ಪಶ್ಚಿಮಕ್ಕೆ ನಲವತ್ತು ಕಿಲೋಮೀಟರ್ ಆಸುಪಾಸು. ಬ್ಲ್ಯಾಕ್ ಫಾರೆಸ್ಟ್ ಅಂತಾರಲ್ಲ, ಅದರ ಉತ್ತರದ ತುದಿ. ಹೊಳೆಯ ಹೆಸರು ನಾಗೋಲ್ಡ್. 'ನಾಗ' ಅಂತ ಇದೆ ಅಂದುಕೊಂಡು ಪುರಾಣ ಹುಡುಕಬೇಡಿ, ನಾನು ಆಗಲೇ ಹುಡುಕಿ ಬೇಸ್ತು ಬಿದ್ದಿದ್ದೇನೆ.

ಈ ಊರು ಜಗತ್ತಿಗೆ ಗೊತ್ತಿರುವುದು ಒಬ್ಬನಿಂದ. 'ಸಿದ್ಧಾರ್ಥ' ಬರೆದ ಹೆರ್ಮನ್ ಹೆಸ್ಸೆ ಹುಟ್ಟಿದ್ದು ಇಲ್ಲಿ, 1877ರ ಜುಲೈ 2ರಂದು. ಮಾರುಕಟ್ಟೆ ಚೌಕದಲ್ಲಿ 6ನೇ ನಂಬರ್ ಮನೆ. ಕೆಳಗೆ ಅಂಗಡಿ, ಗೋಡೆಗೆ ಒಂದು ಫಲಕ, ಅಷ್ಟೇ. ಊರಿನ ಹೆಸರಿನ ಹಿಂದೆ 'ಹೆಸ್ಸೆ ಊರು' ಅಂತ ಸೇರಿಸಿಕೊಂಡಿದ್ದಾರೆ. ಹೆಸ್ಸೆ ಚೌಕ, ಹೆಸ್ಸೆ ಮ್ಯೂಸಿಯಂ, ರೈಲಿಗೂ ಹೆಸ್ಸೆ ಹೆಸರು.

ಆದರೆ ನಾನು ಹೋಗಿದ್ದು ಹೆಸ್ಸೆಗಾಗಿ ಅಲ್ಲ. ಅವನ ತಾತನಿಗಾಗಿ. ತಾತನಿಗಿಂತಲೂ, ತಾತನ ಸ್ನೇಹಿತನಿಗಾಗಿ. ಆ ಕಥೆ ಹೇಳೋಕೆ ಸ್ವಲ್ಪ ಜಾಗ ಬೇಕು, ಸಂಜೆ ಕೂತು ಬರೆಯುತ್ತೇನೆ.

ಸುಮ್ನೆ_ಕೇಳ್ದೆ

ಹೀಗೆ ಅರ್ಧಕ್ಕೆ ಬಿಟ್ಟು ಹೋಗೋದು ಧಾರಾವಾಹಿಯವರ ಕೆಲಸ ಸಾರ್. ತಾತ ಯಾರು? ಕಿಟೆಲ್ ಅವರಾ? ಕಿಟೆಲ್ ಊರು ಇದೇನಾ?

ಕುಡ್ಲದ_ಹೆಂಚು

ಅಲ್ಲ ಮಾರಾಯ್ರೆ. ಕಿಟೆಲ್ ಹುಟ್ಟಿದ್ದು ಜರ್ಮನಿಯ ಮೇಲಿನ ತುದಿಯಲ್ಲಿ, ಉತ್ತರ ಸಮುದ್ರದ ಹತ್ತಿರ ರೆಸ್ಟರ್‌ಹಾಫೆ ಅಂತ ಒಂದು ಹಳ್ಳಿ, 1832ರಲ್ಲಿ. ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ. ಕಲ್ಫ್‌ನಲ್ಲಿ ಇದ್ದದ್ದು ಗುಂಡರ್ಟ್. ಮಲಯಾಳಂ ನಿಘಂಟು ಮಾಡಿದವರು. ಹೆಸ್ಸೆಯ ತಾಯಿಯ ಅಪ್ಪ.

ಹಳೇ_ಮೈಸೂರು

ಮಲಯಾಳಂ ನಿಘಂಟಿಗೂ ನಮಗೂ ಏನು ಸಂಬಂಧ?

ಹೊಳೆದಂಡೆ

ಸಂಬಂಧ ಇದೆ ಸಾರ್, ತಾಳಿ.

ಹೆರ್ಮನ್ ಗುಂಡರ್ಟ್ ಹುಟ್ಟಿದ್ದು 1814ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ. ಇನ್ನೊಬ್ಬ ಹೆರ್ಮನ್ ಇದ್ದರು, ಮೋಗ್ಲಿಂಗ್. ಅವರು 1811ರವರು, ಬ್ರಾಕೆನ್‌ಹೈಮ್ ಅನ್ನೋ ಊರಿನವರು. ಇಬ್ಬರೂ ಟ್ಯೂಬಿಂಗೆನ್‌ನಲ್ಲಿ ಓದಿದವರು. 1836ರಲ್ಲಿ ಇಬ್ಬರೂ ಇಂಡಿಯಾಕ್ಕೆ ಬಂದರು, ಬೇರೆ ಬೇರೆ ದಾರಿಯಲ್ಲಿ. ಮೋಗ್ಲಿಂಗ್ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪ್ರಚಾರ ಸಂಸ್ಥೆಯಿಂದ ನೇರ ಮಂಗಳೂರಿಗೆ. ಗುಂಡರ್ಟ್ ಮೊದಲು ಮದ್ರಾಸ್ ಕಡೆ, ಆಮೇಲೆ 1838ರಲ್ಲಿ ಮಂಗಳೂರಿಗೆ ಬಂದು ಕೆಲವು ತಿಂಗಳಿದ್ದು, ಮುಂದಿನ ವರ್ಷ ತಲಶ್ಶೇರಿಗೆ ಹೋದರು.

ಮೋಗ್ಲಿಂಗ್ ಏನು ಮಾಡಿದರು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ ಅಲ್ವಾ? 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ತಂದರು. ಕಲ್ಲಚ್ಚಿನಲ್ಲಿ ಅಚ್ಚಾದ, ಕನ್ನಡದ ಮೊದಲ ಪತ್ರಿಕೆ. ಜುಲೈ 1ಕ್ಕೆ ನಾವು ಪತ್ರಿಕಾ ದಿನ ಅಂತ ಮಾಡೋದು ಅದಕ್ಕೇ. ಆಮೇಲೆ ಜೈಮಿನಿ ಭಾರತ, ದಾಸರ ಪದಗಳು ಹೀಗೆ ಹಳೆಯ ಕನ್ನಡ ಗ್ರಂಥಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಈ ಕೆಲಸಕ್ಕೇ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

1859ರಲ್ಲಿ ಆರೋಗ್ಯ ಕೆಟ್ಟು ಗುಂಡರ್ಟ್ ಜರ್ಮನಿಗೆ ವಾಪಸ್ ಹೋದರು. ಮರುವರ್ಷ ಮೋಗ್ಲಿಂಗ್ ಕೂಡ ಹೋದರು. ಗುಂಡರ್ಟ್ ನೆಲೆ ನಿಂತಿದ್ದು ಕಲ್ಫ್‌ನಲ್ಲಿ. ಅಲ್ಲಿ ಒಂದು ಕ್ರೈಸ್ತ ಪ್ರಕಾಶನ ಸಂಸ್ಥೆ ಇತ್ತು, 1862ರಿಂದ ಅದನ್ನು ಅವರೇ ನೋಡಿಕೊಂಡರು. ಅಲ್ಲೇ ಕೂತು ಮಲಯಾಳಂ ನಿಘಂಟು ಮುಗಿಸಿದರು. ಅದು ಅಚ್ಚಾದದ್ದು ಎಲ್ಲಿ ಗೊತ್ತಾ? ಮಂಗಳೂರಿನಲ್ಲಿ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, 1872ರಲ್ಲಿ. ಈ ಗುಡ್ಡದ ಸಂದಿಯ ಊರಿಗೂ ನಮ್ಮ ಮಂಗಳೂರಿನ ಬಲ್ಮಠಕ್ಕೂ ನಡುವೆ ಎಷ್ಟು ಕಾಗದ ಓಡಾಡಿರಬೇಕು ಯೋಚಿಸಿ.

ಮೋಗ್ಲಿಂಗ್ 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಜೀವನ ಚರಿತ್ರೆ ಬಂತು. ಬರೆದವರು ಗುಂಡರ್ಟ್. ಮುಖಪುಟದಲ್ಲಿ ಪ್ರಕಾಶನದ ಊರು ಅಂತ ಕಲ್ಫ್ ಇದೆ. ನಮ್ಮ ಮೊದಲ ಪತ್ರಿಕೆಯ ಸಂಪಾದಕನ ಮೊದಲ ಜೀವನ ಚರಿತ್ರೆ ಬರೆದದ್ದು ಹೆಸ್ಸೆಯ ತಾತ. ಆಗ ಹೆಸ್ಸೆಗೆ ಐದು ವರ್ಷ.

ನಾನು ಆ ಮನೆ ನೋಡಬೇಕು ಅಂತ ಹೋದೆ.

ಪುಸ್ತಕದ_ಹುಳು

ಅಬ್ಬಾ. ಹೆಸ್ಸೆಯನ್ನು ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ, ಮೋಗ್ಲಿಂಗ್ ಗೆರೆ ಇಲ್ಲಿಗೆ ಬಂದು ಸೇರುತ್ತದೆ ಅಂತ ಗೊತ್ತಿರಲಿಲ್ಲ. ಹೆಸ್ಸೆಯ ಅಪ್ಪನೂ ಮಂಗಳೂರಿನಲ್ಲೇ ಹುಟ್ಟಿದ್ದು ಅಂತ ಎಲ್ಲೋ ಓದಿದ ನೆನಪು.

ಕುಡ್ಲದ_ಹೆಂಚು

ಹುಟ್ಟಿದ್ದಲ್ಲ, ಕೆಲಸ ಮಾಡಿದ್ದು. ಅಪ್ಪ ಯೋಹಾನ್ನೆಸ್ ಹೆಸ್ಸೆ ಹುಟ್ಟಿದ್ದು ಈಗಿನ ಎಸ್ಟೋನಿಯಾದಲ್ಲಿ. ಆಗ ಅದು ರಷ್ಯಾದ ಕೈಯಲ್ಲಿತ್ತು. 1869ರಲ್ಲಿ ಮಿಷನ್ ಅವರನ್ನು ಇಲ್ಲಿಗೆ ಕಳಿಸಿತು. ಮಂಗಳೂರಿನ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಲ್ಲಿ, ಪಾಠ ಮಾಡಿದರು. ಸೆಖೆ, ಕಾಯಿಲೆ ತಡೆಯಲಿಕ್ಕೆ ಆಗದೆ 1873ರಲ್ಲಿ ವಾಪಸ್. ನಮ್ಮ ಮೇ ತಿಂಗಳು ಎಂಥೆಂಥವರನ್ನೋ ಓಡಿಸಿದೆ, ಪಾಪ ಅವರೇನು ಲೆಕ್ಕ.

ಹಾಗೆ ಹೋದವರು ಕಲ್ಫ್‌ಗೆ ಗುಂಡರ್ಟ್‌ಗೆ ಸಹಾಯಕ್ಕೆ ಅಂತ ಬಂದರು. ಅಲ್ಲಿ ಗುಂಡರ್ಟ್ ಮಗಳು ಮರೀ ಇದ್ದರು. ಅವರು ಹುಟ್ಟಿದ್ದು 1842ರಲ್ಲಿ, ನಮ್ಮ ಪಕ್ಕದ ತಲಶ್ಶೇರಿಯಲ್ಲಿ. ಮೊದಲ ಗಂಡ ತೀರಿಕೊಂಡು ಎರಡು ಗಂಡುಮಕ್ಕಳೊಂದಿಗೆ ಅಪ್ಪನ ಮನೆಯಲ್ಲಿದ್ದರು. 1874ರಲ್ಲಿ ಇಬ್ಬರಿಗೂ ಮದುವೆ ಆಯಿತು. ಮಂಗಳೂರಿನ ಸೆಖೆ ಇಲ್ಲದಿದ್ದರೆ ನಿಮ್ಮ 'ಸಿದ್ಧಾರ್ಥ' ಇರುತ್ತಿರಲಿಲ್ಲ ಅಂತ ನನ್ನ ವಾದ.

ಬಿಸಿಬೇಳೆ

ಹ್ಹ ಹ್ಹ, ಈ ವಾದಕ್ಕೆ ನನ್ನ ಓಟು.

ನಾನು ಬೋಬ್ಲಿಂಗೆನ್‌ನಲ್ಲಿ ಇರೋದು, ಆರು ವರ್ಷ ಆಯ್ತು. ಕಾರಲ್ಲಿ ಹೋದರೆ ಕಲ್ಫ್ ನಮಗೆ ಪಕ್ಕದೂರು. ಇತಿಹಾಸ ನೀವೆಲ್ಲ ಹೇಳಿ, ನಾನು ಊರು ಹೇಗಿದೆ ಅಂತ ಹೇಳ್ತೀನಿ.

ಚೌಕಕ್ಕೆ ಹೋದರೆ ಮೊದಲು ಗೊತ್ತಾಗೋದು ಅದು ಸಮತಟ್ಟಾಗಿಲ್ಲ ಅನ್ನೋದು. ಇಳಿಜಾರು. ಮಗುವಿನ ಗಾಡಿ ತಳ್ಳಿಕೊಂಡು ಹೋದವರನ್ನು ಕೇಳಿ. ಎರಡೂ ಕಡೆ ಮರದ ಚೌಕಟ್ಟಿನ ಮನೆಗಳು. ಕಪ್ಪು ಕಂದು ತೊಲೆ, ನಡುವೆ ಬಿಳಿ ಗಾರೆ. ನೋಡೋಕೆ ಎಲ್ಲಾ ತುಂಬಾ ಪುರಾತನ ಅನ್ನಿಸುತ್ತೆ. ಆದರೆ ಹೆಚ್ಚಿನವು 1692ರ ನಂತರದ್ದು. ಆ ವರ್ಷ ಫ್ರೆಂಚರ ಸೈನ್ಯ ಬಂದು ಊರನ್ನೇ ಸುಟ್ಟುಹಾಕಿತ್ತು. ಅದಕ್ಕೂ ಮೊದಲು 1634ರಲ್ಲಿ ಒಂದು ಸಲ ಸುಟ್ಟಿತ್ತು. ಎರಡು ಸಲ ಬೂದಿಯಾದ ಮೇಲೆ ಕಟ್ಟಿದ ಊರು.

ಜನ ಶ್ವಾಬಿಯನ್ನರು, ಅಂದರೆ ಜರ್ಮನಿಯ ಈ ಸೀಮೆಯವರು. ಕಡಿಮೆ ಮಾತು, ಕೈ ಬಿಗಿ, ಗುಡಿಸೋದು ಜಾಸ್ತಿ. 'ಕೇರ್‌ವೋಖೆ' ಅಂತ ಒಂದು ಪದ್ಧತಿ ಇದೆ. ಗುಡಿಸುವ ವಾರ ಅಂತ ಅರ್ಥ. ಅಪಾರ್ಟ್‌ಮೆಂಟಿನಲ್ಲಿ ಒಂದು ಪುಟ್ಟ ಫಲಕ ಇರುತ್ತೆ, ವಾರಕ್ಕೊಬ್ಬರ ಬಾಗಿಲಿಗೆ ತಗುಲಿಹಾಕ್ತಾರೆ. ಫಲಕ ನಿಮ್ಮ ಬಾಗಿಲಿಗೆ ಬಂತು ಅಂದರೆ ಮೆಟ್ಟಿಲು, ಓಣಿ, ಮುಂದಿನ ಕಾಲುದಾರಿ ಎಲ್ಲಾ ಆ ವಾರ ನಿಮ್ಮ ಪಾಲು. ಮೊದಲ ಸಲ ನನ್ನ ಬಾಗಿಲಿಗೆ ಬಂದಾಗ ಏನೋ ಹಬ್ಬದ ಶುಭಾಶಯ ಇರಬೇಕು ಅಂದುಕೊಂಡೆ. ಚೆನ್ನಾಗಿದೆ ಅಂತ ಒಳಗೆ ತಂದು ಫ್ರಿಜ್ ಮೇಲೆ ಇಟ್ಟೆ. ಶನಿವಾರ ಸಂಜೆ ಕೆಳಗಿನ ಮನೆಯ ಅಜ್ಜಿ ಬಂದು ಬೆಲ್ ಮಾಡಿದರು, ಕೈಯಲ್ಲಿ ಪೊರಕೆ. ಒಂದು ಮಾತಾಡಲಿಲ್ಲ. ಪೊರಕೆ ಕೊಟ್ಟು ಹೋದರು.

ಸುಮ್ನೆ_ಕೇಳ್ದೆ

ನಮ್ಮಜ್ಜಿ ಅಲ್ಲಿಗೆ ಹೋದರೆ ಊರಿನ ಮೇಯರ್ ಆಗ್ತಾರೆ.

ಊಟಕ್ಕೆ ಏನು ಅಕ್ಕಾ? ನಾವು ಮಾಂಸ ತಿನ್ನಲ್ಲ.

ಬಿಸಿಬೇಳೆ

ಭಯ ಪಡಬೇಡಿ. ಶ್ಪೆಟ್ಸ್ಲೆ ಅಂತ ಮಾಡ್ತಾರೆ. ಮೈದಾ, ಮೊಟ್ಟೆ ಕಲಸಿ, ಒರಳಿನಲ್ಲಿ ಹಾಕಿ, ಕುದಿಯುವ ನೀರಿಗೆ ಒತ್ತೋದು. ಆ ಒರಳು ನೋಡಿದರೆ ನಮ್ಮ ಚಕ್ಕುಲಿ ಒರಳಿನ ತಮ್ಮ. ನಾನು ಊರಿಂದ ತಂದ ಒರಳಿನಲ್ಲೇ ಸಣ್ಣ ತೂತಿನ ಬಿಲ್ಲೆ ಹಾಕಿ ಮಾಡ್ತೀನಿ, ಏನೂ ವ್ಯತ್ಯಾಸ ಗೊತ್ತಾಗಲ್ಲ. ಚೀಸ್ ಹಾಕಿದ್ದು ಕೇಳಿ, ಮೇಲೆ ಹುರಿದ ಈರುಳ್ಳಿ ಕೊಡ್ತಾರೆ. ಬೇಳೆ ಜೊತೆಗೂ ತಿಂತಾರೆ, ವಿನೆಗರ್ ಹಾಕಿದ ಹುಳಿಹುಳಿ ಬೇಳೆ. ಆದರೆ ಅದರಲ್ಲಿ ಸಾಸೇಜ್ ಇರುತ್ತೆ, ಎಷ್ಟೋ ಕಡೆ ಬೇಳೆಯಲ್ಲೇ ಹಂದಿ ಕೊಬ್ಬಿನ ಚೂರು. ಕೇಳಿ ತಗೊಳ್ಳಿ. ಮೊಟ್ಟೆಯೂ ಬೇಡ ಅಂದರೆ ಬ್ರೆಡ್ಡು, ಬ್ರೆಟ್ಸೆಲ್ (ಗಂಟು ಹಾಕಿದ ಹಾಗಿರೋ ಬ್ರೆಡ್ಡು), ದೇವರ ದಯೆ.

ಭಾನುವಾರ ಹೋಗಬೇಡಿ. ಅಂಗಡಿ ಒಂದೂ ತೆರೆಯಲ್ಲ.

ಹೊಳೆದಂಡೆ

ಅಕ್ಕಾ, ನಾನು ಹೋಗಿದ್ದು ಭಾನುವಾರವೇ. ಅನುಭವಿಸಿದ್ದೇನೆ.

ಸರಿ, ಆ ಮನೆಯ ವಿಷಯಕ್ಕೆ ಬರ್ತೀನಿ. ಚೌಕದಿಂದ ಕೆಳಗಿಳಿದರೆ ಹೊಳೆಗೆ ಒಂದು ಹಳೆಯ ಕಲ್ಲಿನ ಸೇತುವೆ. ಅದರ ಮಧ್ಯದ ಕಂಬದ ಮೇಲೆ ಒಂದು ಪುಟ್ಟ ಚರ್ಚು, ಸಂತ ನಿಕೊಲಸ್‌ನದು. ಸುಮಾರು 1400ರ ಕಾಲದ್ದು. ಚರ್ಚು ಅನ್ನೋದಕ್ಕಿಂತ ನಮ್ಮ ಊರ ಬಾಗಿಲ ಗುಡಿ ಅಂದರೆ ಸರಿ. ನಾಲ್ಕು ಜನ ನಿಂತರೆ ಐದನೆಯವರಿಗೆ ಜಾಗ ಇಲ್ಲ. ಹೆಸ್ಸೆಗೆ ಇಡೀ ಊರಿನಲ್ಲಿ ಇದೇ ಅಚ್ಚುಮೆಚ್ಚಿನ ಜಾಗ. ಅದಕ್ಕೇ 2002ರಲ್ಲಿ ಸೇತುವೆಯ ಮೇಲೆ ಅವನದ್ದೊಂದು ಕಂಚಿನ ಪ್ರತಿಮೆ ಇಟ್ಟಿದ್ದಾರೆ. ಕೆಳಗೆ ಪೀಠ ಇಲ್ಲ. ಆಳೆತ್ತರ. ಜನರ ಜೊತೆ ಅವನೂ ನಿಂತ ಹಾಗೆ. ದೂರದಿಂದ ಯಾರೋ ದಾರಿಗೆ ಅಡ್ಡ ನಿಂತಿದ್ದಾರೆ ಅಂದುಕೊಂಡು ನಾನು 'ಎಕ್ಸ್‌ಕ್ಯೂಸ್ ಮಿ' ಅನ್ನೋದರಲ್ಲಿದ್ದೆ.

ಸೇತುವೆ ದಾಟಿದರೆ ಬಿಷಪ್ ಬೀದಿ. ಅಲ್ಲಿ 4ನೇ ನಂಬರ್. ಪ್ರಕಾಶನ ಇದ್ದದ್ದು, ಗುಂಡರ್ಟ್ ಇದ್ದದ್ದು, ಹೆಸ್ಸೆ ಮನೆಯವರು ಕೆಲವು ಕಾಲ ಇದ್ದದ್ದು ಎಲ್ಲಾ ಅಲ್ಲೇ. ಹೆಸ್ಸೆ ಆ ಮನೆಯ ಬಗ್ಗೆ ಬರೆದದ್ದನ್ನು ಓದಿದ್ದೆ. ತಾತನಿಗೆ ಇಂಡಿಯಾದ ಅದೆಷ್ಟೋ ಭಾಷೆ ಬರುತ್ತಿತ್ತು, ಗಾಜಿನ ಬೀರುವಿನಲ್ಲಿ ಅಲ್ಲಿಂದ ತಂದ ಸಾಮಾನು ಇದ್ದವು, ದೂರದೂರದಿಂದ ಜನ ತಾತನನ್ನು ನೋಡೋಕೆ ಬರುತ್ತಿದ್ದರು ಅಂತ. ಹಾಗಾಗಿ ತಲೆಯಲ್ಲಿ ದೊಡ್ಡ ಚಿತ್ರ ಇಟ್ಟುಕೊಂಡು ಹೋದೆ.

ಮನೆ ಮಾಮೂಲಿ ಮನೆ. ಬೀದಿಯ ಉಳಿದ ಮನೆಗಳ ಹಾಗೆ. ಕಿಟಕಿಯಲ್ಲಿ ಹೂವಿನ ಕುಂಡ. ಎದುರು ನಿಂತು ಏನು ಮಾಡಬೇಕು ಅಂತ ತಿಳಿಯಲಿಲ್ಲ. ಫೋಟೊ ತೆಗೆದೆ. ಒಬ್ಬರು ನಾಯಿ ಹಿಡಿದುಕೊಂಡು ಬಂದವರು ನನ್ನನ್ನೂ ಮನೆಯನ್ನೂ ನೋಡಿ, 'ಹೆಸ್ಸೆ?' ಅಂದರು. ನನ್ನ ಅರೆಬರೆ ಜರ್ಮನ್‌ನಲ್ಲಿ 'ಇಲ್ಲ, ಗುಂಡರ್ಟ್' ಅಂದೆ. ಅವರ ಹುಬ್ಬು ಮೇಲೆ ಹೋಯಿತು. 'ಕೇರಳ?' ಅಂದರು. 'ಇಲ್ಲ, ಅದರ ಮೇಲಿನದು' ಅಂದೆ. ಮೋಗ್ಲಿಂಗ್ ಹೆಸರು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ನಾಯಿ ಎಳೆಯಿತು, ಹೋದರು.

ಊರಿಡೀ ತಿರುಗಿದೆ. ಮೋಗ್ಲಿಂಗ್ ಹೆಸರು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ಹಳೇ_ಮೈಸೂರು

ಬೀಳಬೇಕು ಅಂತ ಯಾಕೆ ನಿರೀಕ್ಷೆ? ಅವರೆಲ್ಲ ಬಂದದ್ದು ಮತಾಂತರಕ್ಕೆ. ಭಾಷೆ ಕಲಿತದ್ದು ಅದಕ್ಕಾಗಿ, ಪ್ರೆಸ್ ಹಾಕಿದ್ದೂ ಅದಕ್ಕಾಗಿ. ನಾವು ಇಷ್ಟು ಕರಗುವ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಕುಡ್ಲದ_ಹೆಂಚು

ಮತಾಂತರಕ್ಕೆ ಬಂದದ್ದು ಹೌದು, ಅವರೇ ಅದನ್ನು ಮುಚ್ಚಿಟ್ಟಿಲ್ಲ. ಆದರೆ ದಾಸರ ಪದ ಅಚ್ಚು ಹಾಕಿದರೆ ಯಾರು ಮತಾಂತರ ಆಗ್ತಾರೆ ಸ್ವಾಮಿ? ಬಂದ ಉದ್ದೇಶ ಒಂದು, ಕೈಯಿಂದ ಆದ ಕೆಲಸ ಇನ್ನೊಂದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲಿಕ್ಕೆ ನಮಗೇನು ಕಷ್ಟ?

ಹಳೇ_ಮೈಸೂರು

ದಾಸರ ಪದದ ಮಾತು ಒಪ್ಪಿದೆ. ಉಳಿದದ್ದು ಒಪ್ಪಿಲ್ಲ.

ಕಾಸರಗೋಡಿನವ

ನಮ್ಮ ಕಡೆ ಇದು ಬೇರೆ ಥರ. ತಲಶ್ಶೇರಿಯಲ್ಲಿ ಗುಂಡರ್ಟ್ ಪ್ರತಿಮೆ ಇದೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನಲ್ಲಿ ಮಲಯಾಳಂ ಪೀಠ ಇದೆ. ಅವರು ಸಂಗ್ರಹಿಸಿದ ಹಸ್ತಪ್ರತಿ, ಪುಸ್ತಕಗಳನ್ನು ಆ ವಿಶ್ವವಿದ್ಯಾಲಯದ ಲೈಬ್ರರಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಆ ನಾಯಿಯ ಯಜಮಾನರು 'ಕೇರಳ?' ಅಂತ ಕೇಳಿದ್ದು ಸುಮ್ನೆ ಅಲ್ಲ. ಗುಂಡರ್ಟ್ ಸಮಾಧಿ ಕಲ್ಫ್‌ನಲ್ಲೇ ಇದೆ, 1893ರಲ್ಲಿ ತೀರಿಕೊಂಡದ್ದು. ಮಲಯಾಳಿಗಳು ಹುಡುಕಿಕೊಂಡು ಹೋಗ್ತಾರೆ.

ಅವರಿಗೆ ನಿಮ್ಮ ಕಡೆಯ ಪರಿಚಯವೂ ಚೆನ್ನಾಗಿತ್ತು. 1857ರಲ್ಲಿ ಸರ್ಕಾರ ಅವರನ್ನು ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್ಸ್‌ಪೆಕ್ಟರ್ ಮಾಡಿತ್ತು.

ಪುಸ್ತಕದ_ಹುಳು

ಹೆಸ್ಸೆಗೂ ಈ ಊರಿಗೂ ಇದ್ದ ಜಗಳದ ಬಗ್ಗೆ ಎರಡು ಮಾತು ಹೇಳಲಾ?

ಹುಡುಗ ಸಿಕ್ಕಾಪಟ್ಟೆ ಹಟಮಾರಿ. ತಾತ ಓದಿದ ಮೌಲ್‌ಬ್ರೋನ್ ಮಠದ ಶಾಲೆಗೇ ಮೊಮ್ಮಗನನ್ನೂ ಹಾಕಿದರು, 1891ರಲ್ಲಿ. ಆರು ತಿಂಗಳಿಗೆ ಓಡಿಹೋದ. ಆಮೇಲೆ ಎಸ್ಲಿಂಗೆನ್‌ನಲ್ಲಿ ಪುಸ್ತಕದಂಗಡಿ ಕೆಲಸಕ್ಕೆ ಸೇರಿಸಿದರು, ಮೂರೇ ದಿನ. ಕೊನೆಗೆ ಕಲ್ಫ್‌ಗೆ ಕರೆತಂದು ಪೆರೋ ಅನ್ನುವವರ ಗೋಪುರ ಗಡಿಯಾರದ ಕಾರ್ಖಾನೆಯಲ್ಲಿ ಬಿಟ್ಟರು. ಪಾದ್ರಿಯ ಮಗ, ಪಂಡಿತನ ಮೊಮ್ಮಗ, ಅರ ಹಿಡಿದು ಕಬ್ಬಿಣ ಉಜ್ಜುತ್ತಾ ಕೂತ. 1894ರಿಂದ 95ರವರೆಗೆ, ಒಂದು ವರ್ಷಕ್ಕೂ ಹೆಚ್ಚು. ಊರಿನವರ ಬಾಯಿ ಸುಮ್ಮನಿತ್ತಾ ಊಹಿಸಿ. ನಮ್ಮಲ್ಲಿ ಮೇಷ್ಟರ ಮಗ ಇಂಜಿನಿಯರಿಂಗ್ ಬಿಟ್ಟು ಗ್ಯಾರೇಜಿಗೆ ಹೋದ ಹಾಗೆ.

ಅವನು ಇದನ್ನು ಮರೆಯಲಿಲ್ಲ. ಕಥೆಗಳಲ್ಲಿ ಊರಿಗೆ ಗೆರ್ಬರ್ಸಾವ್ ಅಂತ ಹೆಸರಿಟ್ಟ. 'ಗೆರ್ಬರ್' ಅಂದರೆ ಚರ್ಮ ಹದ ಮಾಡುವವನು. ಹೊಳೆದಂಡೆಯಲ್ಲಿ ಆ ಕಸುಬಿನವರು ಜಾಸ್ತಿ ಇದ್ದರು, ಆ ವಾಸನೆ ಹೆಸರಿನಲ್ಲೇ ಇದೆ. ಸಣ್ಣ ಊರಿನ ಸಣ್ಣ ಬುದ್ಧಿಯನ್ನು ಚೆನ್ನಾಗಿಯೇ ಬೈದಿದ್ದಾನೆ. ಆದರೆ ಬೈಯುವಾಗಲೂ ಮೀನು ಹಿಡಿದದ್ದು, ಹೊಳೆಯಲ್ಲಿ ಈಜಿದ್ದು, ಮರದ ತೆಪ್ಪ ಹೋಗುತ್ತಿದ್ದದ್ದು ಬಂದರೆ ದನಿ ಬೇರೆಯಾಗುತ್ತೆ. 1943ರಲ್ಲಿ ಬಂದ ಅವನ ಕೊನೆಯ ದೊಡ್ಡ ಕಾದಂಬರಿ 'ಗಾಜಿನ ಮಣಿಯಾಟ'ದಲ್ಲಿ ಆ ಆಟವನ್ನು ಕಂಡುಹಿಡಿದವನ ಹೆಸರು ಏನು ಗೊತ್ತಾ? ಕಲ್ಫ್‌ನ ಪೆರೋ. ಕಬ್ಬಿಣ ಉಜ್ಜಿಸಿದ ಯಜಮಾನನ ಹೆಸರು! 1946ರಲ್ಲಿ ನೊಬೆಲ್ ಬಂತು. ಊರಿಗೆ ಮಾತ್ರ ಅವನು ತಿರುಗಿ ಬಂದು ನೆಲೆಸಲಿಲ್ಲ, ಸ್ವಿಟ್ಜರ್ಲೆಂಡಿನಲ್ಲೇ ತೀರಿಕೊಂಡ.

ಇನ್ನೂ ಒಂದು. ಇಂಡಿಯಾ ಇಂಡಿಯಾ ಅಂತ ಅಷ್ಟು ಬರೆದವನು ಇಂಡಿಯಾದ ನೆಲ ಮೆಟ್ಟಲೇ ಇಲ್ಲ. 1911ರಲ್ಲಿ ಹಡಗು ಹತ್ತಿ ಸಿಲೋನ್, ಸಿಂಗಾಪುರ, ಸುಮಾತ್ರಾ ನೋಡಿ ವಾಪಸ್ ಹೋದ. ಅಮ್ಮ ಹುಟ್ಟಿದ ತಲಶ್ಶೇರಿ ನೋಡಲಿಲ್ಲ.

ಬಿಸಿಬೇಳೆ

ಮರದ ತೆಪ್ಪ ಅಂದಿರಲ್ಲ, ಊರಿಗೆ ದುಡ್ಡು ಬಂದದ್ದು ಅದರಿಂದ, ಮತ್ತೆ ಬಟ್ಟೆಯಿಂದ. ಕಾಡಿನ ದೊಡ್ಡ ದೊಡ್ಡ ಮರ ಕಡಿದು, ದಿಮ್ಮಿ ಕಟ್ಟಿ ತೇಲಿಬಿಡೋದು. ನಾಗೋಲ್ಡ್‌ನಿಂದ ಎನ್ಸ್ ಹೊಳೆಗೆ, ಅಲ್ಲಿಂದ ನೆಕ್ಕರ್‌ಗೆ, ಆಮೇಲೆ ರೈನ್ ನದಿ, ಕೊನೆಗೆ ಹಾಲೆಂಡ್. ಅಲ್ಲಿ ಅದು ಹಡಗಾಗುತ್ತಿತ್ತು. ನೆದರ್ಲೆಂಡ್ಸ್ ಹಡಗಿನಲ್ಲಿ ಮೆಣಸು ಹೋದ ಕಥೆ ನಮಗೆ ಗೊತ್ತು, ಹಡಗಿನ ಮರ ಎಲ್ಲಿಯದು ಅಂತ ನಾನಂತೂ ಯಾವತ್ತೂ ಯೋಚಿಸಿರಲಿಲ್ಲ.

ಬಟ್ಟೆ ವ್ಯಾಪಾರಕ್ಕೆ 1650ರಲ್ಲಿ ಊರಿನ ಸಾಹುಕಾರರು ಸೇರಿ ಒಂದು ಕಂಪನಿ ಕಟ್ಟಿದ್ದರು, 1797ರವರೆಗೆ ನಡೀತು. ಸುತ್ತಲಿನ ಹಳ್ಳಿಯ ನೇಕಾರರು ನೇಯ್ದ ಉಣ್ಣೆ ಬಟ್ಟೆಯನ್ನು ಇವರಿಗೇ ಮಾರಬೇಕು. ರೇಟು ಯಾರ ಕೈಲಿತ್ತು ಅಂತ ಕೇಳಬೇಕಾ? ಸಾಹುಕಾರರ ಬಂಗಲೆಗಳು ಈಗಲೂ ಇವೆ. ಒಬ್ಬ ಮರದ ವ್ಯಾಪಾರಿಯ ಬಂಗಲೆಯನ್ನು ಊರಿನ ಮ್ಯೂಸಿಯಂ ಮಾಡಿದ್ದಾರೆ. ನೇಕಾರರ ಮನೆ ಮಾತ್ರ ಯಾರೂ ತೋರಿಸಲ್ಲ.

ಸುಮ್ನೆ_ಕೇಳ್ದೆ

ಹೋಗೋದು ಹೇಗೆ? ನಾನು ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಬರ್ತಿದ್ದೀನಿ. ಮಧ್ಯೆ ಒಂದು ಶನಿವಾರ ಖಾಲಿ. ಶೀರ್ಷಿಕೆಯಲ್ಲಿ ಬಾವಲಿ ಅಂತ ಇದೆ, ಅದು ಎಲ್ಲಿ?

ಹೊಳೆದಂಡೆ

ಎರಡೂ ಪ್ರಶ್ನೆಗೆ ಉತ್ತರ ಒಂದೇ.

ಸ್ಟುಟ್‌ಗಾರ್ಟ್‌ನಿಂದ ಎಸ್ 6 ಲೋಕಲ್ ಟ್ರೈನು ವೈಲ್ ಡೆರ್ ಶ್ಟಾಟ್ ಅನ್ನೋ ಊರಿಗೆ ಹೋಗುತ್ತೆ. ಗ್ರಹಗಳ ಲೆಕ್ಕ ಹಾಕಿದ ಕೆಪ್ಲರ್ 1571ರಲ್ಲಿ ಹುಟ್ಟಿದ್ದು ಅಲ್ಲಿ, ಚೌಕದಲ್ಲಿ ದೊಡ್ಡ ಪ್ರತಿಮೆ ಇದೆ, ಹತ್ತು ನಿಮಿಷ ಇಳಿದು ನೋಡಿ. ಅಲ್ಲಿಂದ ಕಲ್ಫ್‌ಗೆ 1872ರಲ್ಲೇ ರೈಲು ಹಾಕಿದ್ದರು. 1983ರಲ್ಲಿ ಜನರ ರೈಲು ನಿಲ್ಲಿಸಿದರು. ಹಳಿ ಖಾಲಿ, ಸುರಂಗ ಖಾಲಿ. ಖಾಲಿ ಸುರಂಗಕ್ಕೆ ಬಾವಲಿಗಳು ಸಂಸಾರ ಸಮೇತ ಬಂದವು.

ಆಮೇಲೆ ಊರಿನವರಿಗೆ ರೈಲು ಮತ್ತೆ ಬೇಕು ಅನ್ನಿಸಿತು. ಹೆಸರು ಏನಿಡೋದು? ಹೆಸ್ಸೆ, ಇನ್ನೇನು. ಹೆರ್ಮನ್ ಹೆಸ್ಸೆ ರೈಲು. ಎಲ್ಲಾ ತಯಾರಿ ಆಯಿತು, ಬಾವಲಿ ಏಳಲಿಲ್ಲ. ಅಲ್ಲಿನ ಕಾನೂನಿನಲ್ಲಿ ಅವುಗಳನ್ನು ಓಡಿಸೋ ಹಾಗಿಲ್ಲ. ಪರಿಸರದವರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಮಾತುಕತೆ ಆಗಿ ಕೊನೆಗೆ ಒಂದು ರಾಜಿ. ಸುರಂಗ ಜೋಡಿ ಹಳಿಯ ಅಗಲ ಇತ್ತು. ಒಳಗೆ ಉದ್ದಕ್ಕೂ ಗೋಡೆ ಕಟ್ಟಿ ರೈಲಿಗೆ ಒಂದು ಪಾಲು, ಬಾವಲಿಗೆ ಒಂದು ಪಾಲು. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಳ್ಳೋ ಹಾಗೆ. ಖರ್ಚು ಕೇಳಿ ಊರಿನವರು ತಲೆ ಮೇಲೆ ಕೈ ಹೊತ್ತರು. ನಮ್ಮ ಶಿರಾಡಿ ಘಾಟಿಯ ರೈಲು ದಾರಿಯಲ್ಲಿ ಸುರಂಗ ಎಣಿಸುತ್ತಾ ಬೆಳೆದವನು ನಾನು, ಅಲ್ಲಿಯ ಬಾವಲಿಗಳನ್ನು ಯಾರು ಕೇಳಿದ್ದರು ಅನ್ನಿಸಿತು.

ನಾನು ಹೋದಾಗ ವೈಲ್ ಡೆರ್ ಶ್ಟಾಟ್‌ನಿಂದ ಬಸ್ಸು. ನೀವು ಹೊರಡುವ ಹಿಂದಿನ ದಿನ ಟೈಮ್‌ಟೇಬಲ್ ನೋಡಿಕೊಳ್ಳಿ. ಇನ್ನೊಂದು ದಾರಿ ಫೋರ್ಟ್ಸ್‌ಹೈಮ್‌ನಿಂದ, ಹೊಳೆಯ ಪಕ್ಕದಲ್ಲೇ ಸಣ್ಣ ರೈಲು. ಸಮಯ ಇದ್ದರೆ ಅದೇ ಚಂದ.

ಕಾಸರಗೋಡಿನವ

ಹಾಗೆ ಹೋದರೆ ಕಲ್ಫ್‌ಗೆ ಸ್ವಲ್ಪ ಮೊದಲು ಹಿರ್ಸಾವ್ ಸಿಗುತ್ತೆ. ಈಗ ಕಲ್ಫ್‌ಗೇ ಸೇರಿದ ಹಳ್ಳಿ. ಅಲ್ಲೇ ಇಳಿಯಿರಿ. ಕಲ್ಫ್‌ಗಿಂತ ಅದು ನನಗೆ ಹೆಚ್ಚು ಹಿಡಿಸಿತು.

ಅಲ್ಲಿ ಒಂದು ಮಠ ಇತ್ತು. ಸಣ್ಣದಾಗಿ ಶುರುವಾಗಿದ್ದು 9ನೇ ಶತಮಾನದಲ್ಲಿ. 11ನೇ ಶತಮಾನದಲ್ಲಿ ವಿಲ್‌ಹೆಲ್ಮ್ ಅನ್ನೋ ಮಠಾಧಿಪತಿ ಬಂದು, ಜಾಗ ಸಾಲದು ಅಂತ ಹೊಳೆಯ ಆಚೆ ಬದಿಗೆ ಹೊಸದೇ ಕಟ್ಟಿಸಿದರು. ಮಠಗಳಲ್ಲಿ ಶಿಸ್ತು ತರುವ ಚಳವಳಿ ಇಲ್ಲಿಂದ ಹೊರಟು ನೂರಕ್ಕೂ ಹೆಚ್ಚು ಮಠಗಳಿಗೆ ಹರಡಿತು. ಆಗ ಅದು ಆ ಸೀಮೆಗೇ ದೊಡ್ಡ ಮಠ. 1692ರ ಬೆಂಕಿಗೆ ಅದೂ ಹೋಯಿತು. ಈಗ ಗೋಡೆಗಳು, ಕಮಾನುಗಳು, ಹುಲ್ಲು. ಒಂದೇ ಒಂದು ಗೋಪುರ ಪೂರ್ತಿ ನಿಂತಿದೆ, ಗೂಬೆ ಗೋಪುರ ಅಂತ ಹೆಸರು. ಅದರ ಮೇಲೆ ಗಡ್ಡದ ಮನುಷ್ಯರು, ಪ್ರಾಣಿಗಳನ್ನು ಕೆತ್ತಿದ್ದಾರೆ. ಹಳೇಬೀಡು ನೋಡಿದವರಿಗೆ ಈ ಕೆತ್ತನೆ ಅಂಥ ದೊಡ್ಡದೇನೂ ಅನ್ನಿಸಲಿಕ್ಕಿಲ್ಲ. ಆದರೆ ಸುಮ್ಮನೆ ಕೂರಲಿಕ್ಕೆ ಎಂಥಾ ಜಾಗ.

ಮಠದ ಪಕ್ಕ ಒಬ್ಬ ಡ್ಯೂಕ್ 16ನೇ ಶತಮಾನದ ಕೊನೆಗೆ ಬೇಟೆಯ ಅರಮನೆ ಕಟ್ಟಿಸಿದ್ದ. ಅದೂ ಸುಟ್ಟಿತು. ಚಾವಣಿ ಇಲ್ಲದ ಗೋಡೆಗಳ ಒಳಗೆ ಒಂದು ಎಲ್ಮ್ ಮರ ಹುಟ್ಟಿತು. ನೆರಳು ಬೇಡ, ಬೆಳಕು ಬೇಕು ಅಂತ ಮೇಲೆ ಮೇಲೆ ಹೋಗಿ ಗೋಡೆ ದಾಟಿ ಆಚೆ ಹರಡಿತು. ಉಹ್‌ಲಾಂಡ್ ಅನ್ನೋ ಕವಿ ಅದರ ಮೇಲೆ ಪದ್ಯ ಬರೆದ, ಮರ ಪ್ರಸಿದ್ಧಿಯಾಯಿತು. ಕೊನೆಗೆ ಮರಗಳಿಗೆ ಬರುವ ಒಂದು ರೋಗ ತಗುಲಿ 1989ರಲ್ಲಿ ಹೋಯಿತು. ನೋಡಲಿಕ್ಕೆ ಹೋದರೆ ಖಾಲಿ ಗೋಡೆ, ಮೇಲೆ ಆಕಾಶ. ನಮ್ಮ ಹಾಳು ದೇವಸ್ಥಾನದ ಗೋಪುರ ಸೀಳಿಕೊಂಡು ಬರುವ ಅಶ್ವತ್ಥ ಕಂಡವರಿಗೆ ಆ ಮರ ಹೇಗಿದ್ದಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಹಳೇ_ಮೈಸೂರು

ಈ ಊರಿಗೆ ಇನ್ನೊಂದು ಮುಖ ಇದೆ, ಯಾರೂ ಹೇಳಲಿಲ್ಲ. ಜರ್ಮನ್ ಸೈನ್ಯದ ಕಮಾಂಡೋ ಪಡೆ ಇರೋದು ಕಲ್ಫ್‌ನಲ್ಲೇ. 1996ರಲ್ಲಿ ಶುರುವಾದದ್ದು. ಗುಡ್ಡದ ಮೇಲೆ ಬ್ಯಾರಕ್. 1914ರಲ್ಲಿ ಎಲ್ಲರೂ ಯುದ್ಧ ಯುದ್ಧ ಅಂತ ಕುಣಿಯುವಾಗ ಬೇಡ ಅಂತ ಬರೆದು ಬೈಸಿಕೊಂಡವನು ಹೆಸ್ಸೆ. ಅವನ ಊರಿನಲ್ಲೇ ಕಮಾಂಡೋ.

ಬಿಸಿಬೇಳೆ

ಹೌದು! ಮರೆತೇಬಿಟ್ಟಿದ್ದೆ. ಬೇಕರಿಯಲ್ಲಿ ಗಟ್ಟಿಮುಟ್ಟಾದ ಯಾರಾದರೂ ಕಂಡರೆ ನನ್ನ ಮಗ ಪಿಸುಗುಟ್ಟುತ್ತಾನೆ, 'ಅಮ್ಮಾ, ಕಮಾಂಡೋ'. ಎಲ್ಲರೂ ಬ್ರೆಡ್ಡೇ ತಗೊಂಡು ಹೋಗ್ತಾರೆ.

ಸುಮ್ನೆ_ಕೇಳ್ದೆ

ಹೋಗಿ ಬಂದೆ! ಮೊನ್ನೆ ಶನಿವಾರ. ವರದಿ ಒಪ್ಪಿಸ್ತಿದ್ದೀನಿ.

ಹೊಳೆ ಪಕ್ಕದ ರೈಲಿನಲ್ಲಿ ಹೋದೆ. ಹಿರ್ಸಾವ್‌ನಲ್ಲಿ ಇಳಿದೆ. ಮಳೆ ಅಂದರೆ ಮಳೆ. ಕೊಡೆ ಹೋಟೆಲಿನಲ್ಲಿ ಮರೆತಿದ್ದೆ. ಗೂಬೆ ಗೋಪುರದ ಕೆಳಗೆ ಕಾಲು ಗಂಟೆ ನಿಂತೆ, ಗೂಬೆ ಇರಲಿಲ್ಲ. ಆಮೇಲೆ ಹೊಳೆ ಪಕ್ಕವೇ ನಡೆದು ಕಲ್ಫ್ ಸೇರಿದೆ. ನೀರು ಕಾಫಿ ಬಣ್ಣ, ಜೋರು ಸದ್ದು. ನಮ್ಮ ಹೇಮಾವತಿ ಆಷಾಢದಲ್ಲಿ ಇರೋ ಹಾಗೆ, ಸ್ವಲ್ಪ ಚಿಕ್ಕದು.

ಚೀಸ್ ಶ್ಪೆಟ್ಸ್ಲೆ ತಿಂದೆ ಅಕ್ಕಾ. ಹೊಟ್ಟೆ ಸಂಜೆಯವರೆಗೂ ಬೇರೆ ಏನೂ ಕೇಳಲಿಲ್ಲ. ಒಂದು ಉಪ್ಪಿನಕಾಯಿ ಇದ್ದಿದ್ದರೆ ಅನ್ನಿಸಿತು.

ಸೇತುವೆಯ ಮೇಲೆ ಹೆಸ್ಸೆ ನಿಂತಿದ್ದ. ನೆನೆದು ಮೈಯೆಲ್ಲ ಹೊಳೆಯುತ್ತಿತ್ತು. ಒಂದು ಶಾಲೆ ಮಕ್ಕಳ ಗುಂಪು ಬಂದು ಫೋಟೊ ತೆಗೆಸಿಕೊಂಡು ಹೋಯಿತು. ಬಿಷಪ್ ಬೀದಿ 4ಕ್ಕೂ ಹೋದೆ. ನಾಯಿಯವರು ಸಿಗಲಿಲ್ಲ.

ಸ್ಮಶಾನಕ್ಕೆ ಹೋಗಬೇಕೋ ಬೇಡವೋ ಅಂತ ಯೋಚಿಸಿ ಹೋದೆ. ಅಲ್ಲಿ ಗಿಡಕ್ಕೆ ನೀರು ಹಾಕೋಕೆ ಬಂದ ಒಬ್ಬ ಹೆಂಗಸನ್ನು 'ಗುಂಡರ್ಟ್' ಅಂತ ಕೇಳಿದೆ. ಮಳೆ ಬರ್ತಿದ್ದರೂ ನೀರಿನ ಡಬ್ಬ ಕೈಯಲ್ಲಿತ್ತು, ಬಿಸಿಬೇಳೆ ಅಕ್ಕ ಹೇಳಿದ ಶಿಸ್ತು ಇದೇ ಇರಬೇಕು. ಕೈ ಮಾಡಿ ದಾರಿ ತೋರಿಸಿದರು. ಕಲ್ಲಿನ ಮುಂದೆ ನಿಂತಾಗ, ಎಂಥದೂ ಹೇಳಬೇಕು ಅನ್ನಿಸಲಿಲ್ಲ. ಫೋನಿನಲ್ಲಿ 'ಮಂಗಳೂರ ಸಮಾಚಾರ'ದ ಮೊದಲ ಪುಟದ ಫೋಟೊ ಇತ್ತು, ಇಲ್ಲಿ ಓದಿದ ಮೇಲೆ ಹುಡುಕಿ ಇಟ್ಟುಕೊಂಡಿದ್ದೆ. ಅದನ್ನು ತೆಗೆದು ಎರಡು ಸಾಲು ಜೋರಾಗಿ ಓದಿದೆ. ಹಳೆಯ ಅಚ್ಚು, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಆ ಹೆಂಗಸು ದೂರದಿಂದ ನೋಡುತ್ತಿದ್ದರು. ಪ್ರಾರ್ಥನೆ ಅಂದುಕೊಂಡರೇನೋ, ನಾನು ಮುಗಿಸುವವರೆಗೂ ಡಬ್ಬ ಕೆಳಗಿಟ್ಟು ನಿಂತರು.

ಕುಡ್ಲದ_ಹೆಂಚು

ಯಾವ ಎರಡು ಸಾಲು ಮಾರಾಯ್ರೆ?

ಸುಮ್ನೆ_ಕೇಳ್ದೆ

ನಿಜ ಹೇಳಲಾ? ಮಳೆಹನಿ ಬಿದ್ದು ಸ್ಕ್ರೀನ್ ಮಸುಕಾಗಿತ್ತು. ಎರಡನೇ ಸಾಲು ಅರ್ಧ ಊಹೆ.